ಬೀಗ ಹಾಕಿದ ಮನೆಯಲ್ಲಿ ನಾಯಿ

ಮಲಪ್ರಭೆಯ ದಡದ ಕೊಣ್ಣೂರಿನಲ್ಲಿ ಸುಗ್ಗಿಯ ದಿನಗಳಂದು ಮುಂಜಾನೆ ಓಣಿಯಲ್ಲಿ ನಡೆದುಹೋದರೆ ಎಷ್ಟೋ ಮನೆಗಳ ತಲೆಬಾಗಿಲಿಗೆ ಬೀಗ ಬಿದ್ದಿರುವುದನ್ನು ಕಾಣುತ್ತೇವೆ. ಹಿರಿಯರು ಜೋಳ, ಕಡಲೆಗಳ ಕೊಯ್ಲಿಗೆಂದು ಎರೆಹೊಲಕ್ಕೆ ಹೋಗಿರುತ್ತಾರೆ. ಮಕ್ಕಳು ಶಾಲೆಗೋ ಕಾಲೇಜಿಗೋ ಹೋಗಿರುತ್ತಾರೆ. ಕಟ್ಟೆಯ ಮೇಲೆ ಉಳಿಯುವುದು ನಾಯಿಯೊಂದೇ. ಅದನ್ನು ಒಂಟಿಯಾಗಿ ಬಿಟ್ಟುಬಂದೆವೆಂದು ಯಾರೂ ಚಿಂತಿಸುವುದಿಲ್ಲ. ಚಿಂತಿಸಲು ಕಾರಣವೂ ಇಲ್ಲ. ಆ ನಾಯಿಗೆ ಓಣಿಯೆಲ್ಲವೂ ಮನೆಯೇ. ಮಗ್ಗುಲ ಮನೆಯ ಅಜ್ಜಿ ರೊಟ್ಟಿಯ ಚೂರು ಎಸೆಯುತ್ತಾಳೆ, ಎದುರು ಮನೆಯ ನಾಯಿ ಜೊತೆಗಿರುತ್ತದೆ, ಬಿಸಿಲೇರಿದಂತೆ ನೆರಳು ಸರಿದತ್ತ ಅದೂ ಸರಿದು ಮಲಗುತ್ತದೆ.

ಆದರೆ ಎಲ್ಲ ನಾಯಿಗಳಿಗೂ ಇಂಥ ಓಣಿಯಿಲ್ಲ. ಊರ ಬಳಿಯೇ ಹಾದುಹೋಗುವ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಲ್ಲಿ ಲಾರಿಗಳು ಹಗಲಿರುಳೆನ್ನದೆ ಓಡುತ್ತವೆ. ನಾಯಿಯನ್ನು ಬೀದಿಗೆ ಬಿಡಲು ಮನಸ್ಸು ಒಪ್ಪುವುದಿಲ್ಲ. ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ನೆಲೆಸಿದವರ ಮನೆಗಳಲ್ಲಂತೂ ನಾಲ್ಕು ಗೋಡೆಗಳ ಹೊರಗೆ ನಾಯಿಗೆ ಲೋಕವೇ ಇಲ್ಲ. ಅಂಥವರು ಮನೆ ಬಿಟ್ಟು ಹೊರಡುವಾಗ ಅದನ್ನು ಸರಪಳಿಯಲ್ಲಿ ಕಟ್ಟಬೇಕೆ, ಪಂಜರದೊಳಗಿಡಬೇಕೆ, ಅಥವಾ ಮನೆಯೊಳಗೆ ಸ್ವೇಚ್ಛೆಯಾಗಿ ಬಿಡಬೇಕೆ?

ಮೊದಲು, ನಾವು ಹೋದ ಮೇಲೆ ನಾಯಿಗೆ ಏನಾಗುತ್ತದೆಂಬುದನ್ನು ತಿಳಿಯಬೇಕು. ತಾಯಿಗೂ ಶಿಶುವಿಗೂ ಇರುವ ಅಂಟನ್ನು ಅಳೆಯಲು ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ಒಂದು ಪರೀಕ್ಷೆಯನ್ನು ರೂಪಿಸಿದ್ದರು: ಅಪರಿಚಿತ ಕೋಣೆ, ಅಪರಿಚಿತ ವ್ಯಕ್ತಿ, ನಡುನಡುವೆ ತಾಯಿ ಹೊರಹೋಗಿ ಮರಳುವುದು. 1998ರಲ್ಲಿ ಬುಡಾಪೆಸ್ಟಿನ ಯೋಝೆಫ್ ತೊಪಾಲ್ ಮತ್ತು ಸಂಗಡಿಗರು ಇದೇ ಪರೀಕ್ಷೆಯನ್ನು 51 ನಾಯಿಗಳ ಮೇಲೆ ಅವುಗಳ ಒಡೆಯರೊಡನೆ ನಡೆಸಿದರು. ಒಡೆಯನಿದ್ದಾಗ ನಾಯಿ ಹೆಚ್ಚು ಆಡಿತು, ಕೋಣೆಯನ್ನು ಹೆಚ್ಚು ಪರೀಕ್ಷಿಸಿತು. ಆತ ಹೊರಹೋದಾಗ ಬಾಗಿಲ ಬಳಿ ನಿಂತಿತು. ಅಂದರೆ ನಾಯಿಯ ಒಲವು ಕೇವಲ ಅನ್ನದ ಋಣವಲ್ಲ. ಶಿಶುವಿನ ಅಂಟಿಗೆ ಹೋಲುವಂಥದು.

ಸ್ವೀಡನ್ನಿನ ಇಬ್ಬರು ಸಂಶೋಧಕಿಯರು 2011ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇನ್ನೂ ಸ್ವಾರಸ್ಯಕರವಾದುದು. 12 ನಾಯಿಗಳನ್ನು ಅವುಗಳ ಮನೆಗಳಲ್ಲಿಯೇ ಒಮ್ಮೆ ಅರ್ಧ ಗಂಟೆ, ಒಮ್ಮೆ ಎರಡು ಗಂಟೆ, ಒಮ್ಮೆ ನಾಲ್ಕು ಗಂಟೆ ಒಂಟಿಯಾಗಿ ಬಿಟ್ಟು ಕ್ಯಾಮೆರಾದಿಂದ ಚಿತ್ರಿಸಿದರು. ಬಹುಪಾಲು ವೇಳೆ ಅವು ಮಲಗಿಯೇ ಇದ್ದವು. ಆದರೆ ಒಡೆಯ ಮರಳಿದಾಗ ತೋರಿದ ಸಂಭ್ರಮ ಅರ್ಧ ಗಂಟೆಗಿಂತ ಎರಡು ಗಂಟೆಯ ಅಗಲಿಕೆಯ ತರುವಾಯ ಹೆಚ್ಚಾಗಿತ್ತು. ಗಡಿಯಾರವಿಲ್ಲದ ಪ್ರಾಣಿಯೂ ಹೊತ್ತನ್ನು ಹೇಗೋ ಅಳೆಯುತ್ತದೆಂದಾಯಿತು.

ಇವು ಆರೋಗ್ಯವಾದ, ರೂಢಿಯಾದ ನಾಯಿಗಳು. ಕೆಲವು ನಾಯಿಗಳಿಗೆ ಅಗಲಿಕೆ ಒಂದು ವ್ಯಾಧಿಯೇ ಆಗಿ ಪರಿಣಮಿಸುತ್ತದೆ. ಒಡೆಯ ಹೊರಟ ಕೆಲವೇ ನಿಮಿಷಗಳಲ್ಲಿ ಅವು ಊಳಿಡುತ್ತವೆ, ಜೊಲ್ಲು ಸುರಿಸುತ್ತವೆ, ಬಾಗಿಲನ್ನು ಪರಚುತ್ತವೆ, ನಿಂತಲ್ಲಿಯೇ ಮಲಮೂತ್ರ ಮಾಡುತ್ತವೆ. ರಷ್ಯದ ಪಾವ್ಲಾವ್ ಮಹಾಶಯನ ನಾಯಿಗಳು ಊಟದ ಸೂಚನೆ ದೊರೆತೊಡನೆ ಜೊಲ್ಲು ಸುರಿಸಿದ ಕಥೆ ವಿದ್ಯಾರ್ಥಿಗಳಿಗೆ ತಿಳಿದುದೇ. ಇಲ್ಲಿಯೂ ಅದೇ ನಿಯಮ. ಬೀಗದ ಕೈಯ ಸದ್ದೇ ಸೂಚನೆ, ಚಪ್ಪಲಿ ಮೆಟ್ಟುವುದೇ ಸೂಚನೆ. ಆದುದರಿಂದ ಚಿಕಿತ್ಸೆಯೂ ಅದೇ ದಾರಿಯಲ್ಲಿದೆ. ಬೀಗದ ಕೈ ಹಿಡಿದು ಹೊರಡದೆ ಕುಳಿತುಕೊಳ್ಳುವುದು, ಒಂದು ನಿಮಿಷ ಹೊರಹೋಗಿ ಬರುವುದು, ಮುಂದೆ ಐದು, ಹತ್ತು ಎಂದು ಮೆಲ್ಲಮೆಲ್ಲನೆ ಬೆಳೆಸುವುದು. ಇದಕ್ಕೆ ವಾರಗಳೇ ಹಿಡಿಯುತ್ತವೆ.

ಪಂಜರವನ್ನು ಸಮರ್ಥಿಸುವವರು ಹೇಳುವುದುಂಟು: ತೋಳವು ಗುಹೆಯಲ್ಲಿ ವಾಸಿಸುತ್ತದೆ, ನಾಯಿ ತೋಳದ ವಂಶ, ಆದ್ದರಿಂದ ಪಂಜರ ಅದಕ್ಕೆ ಸಹಜ ಗುಹೆ ಎಂದು. ಈ ವಾದದಲ್ಲಿ ಅರ್ಧ ಸತ್ಯವಿದೆ. ತೋಳಗಳು ಬಿಲವನ್ನು ಬಳಸುವುದು ಮುಖ್ಯವಾಗಿ ಮರಿ ಹಾಕಿ ಸಾಕುವ ಕೆಲವು ವಾರಗಳಲ್ಲಿ. ಅಲ್ಲದೆ ಬಿಲಕ್ಕೆ ಹೊರಗಿನಿಂದ ಅಗುಳಿ ಹಾಕುವವರಿಲ್ಲ. ಪಂಜರದಿಂದ ಉಪಯೋಗವೇ ಇಲ್ಲವೆಂದು ನಾವು ಹೇಳುವುದಿಲ್ಲ. ತಂತಿ ಕಡಿಯುವ ಮರಿಗೆ, ಶಸ್ತ್ರಚಿಕಿತ್ಸೆಯಾದ ನಾಯಿಗೆ, ಪ್ರಯಾಣಕ್ಕೆ ಅದು ಬೇಕಾಗುತ್ತದೆ. ಬಾಗಿಲು ತೆರೆದಿಟ್ಟು, ಒಳಗೆ ಊಟ ಕೊಟ್ಟು, ತಾನಾಗಿಯೇ ಹೋಗಿ ಮಲಗುವಂತೆ ರೂಢಿಸಿದ ನಾಯಿ ಅದನ್ನು ಹಾಸಿಗೆಯೆಂದೇ ಬಗೆಯುತ್ತದೆ. ಆದರೆ ಅಗಲಿಕೆಯ ಭಯವುಳ್ಳ ನಾಯಿಯನ್ನು ಅದರಲ್ಲಿ ಕೂಡಿಹಾಕಿದರೆ ಸರಳುಗಳನ್ನು ಕಚ್ಚಿ ಹಲ್ಲು ಮುರಿದುಕೊಳ್ಳುತ್ತದೆ, ಉಗುರು ಕಿತ್ತುಕೊಳ್ಳುತ್ತದೆ. ಸ್ವೀಡನ್ನಿನ ಕಾನೂನು ಮನೆಯಲ್ಲಿ ನಾಯಿಯನ್ನು ಪಂಜರದಲ್ಲಿಡುವುದನ್ನು ಒಪ್ಪುವುದೇ ಇಲ್ಲ. ಹಗಲಿನಲ್ಲಿ ಕನಿಷ್ಠ ಆರು ಗಂಟೆಗೊಮ್ಮೆಯಾದರೂ ಅದನ್ನು ಹೊರಗೆ ಕರೆದೊಯ್ಯಬೇಕೆನ್ನುತ್ತದೆ. ನಮ್ಮಲ್ಲಿಯೂ 1960ರ ಪ್ರಾಣಿಹಿಂಸೆ ತಡೆ ಅಧಿನಿಯಮವು ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ವ್ಯಾಯಾಮ ಕೊಡದಿರುವುದನ್ನು ಅಪರಾಧವೆಂದು ಸಾರಿದೆ. ಮೊದಲ ತಪ್ಪಿಗೆ ಅದು ವಿಧಿಸಿದ ದಂಡ ಹತ್ತರಿಂದ ಐವತ್ತು ರೂಪಾಯಿ. ನಾಯಿಯ ಸರಪಳಿಯನ್ನೂ ಈ ಹಣಕ್ಕೆ ಕೊಳ್ಳಲಾಗದು!

ಮಲಪ್ರಭೆಯ ಆಚೆ, ಘಟಪ್ರಭೆಯ ತೀರದ ಮುಧೋಳದ ಬೇಟೆನಾಯಿಯನ್ನು ಈ ಪ್ರಸಂಗದಲ್ಲಿ ನೆನೆಯಲೇಬೇಕು. ಸಂಸ್ಥಾನದ ದೊರೆ ಮಾಲೋಜಿರಾವ್ ಘೋರ್ಪಡೆಯವರು ಪೋಷಿಸಿ ಬೆಳಸಿದ ಈ ತಳಿಗೆ 2005ರಲ್ಲಿ ಅಂಚೆಚೀಟಿಯ ಗೌರವ ದೊರೆಯಿತು. ಮುಧೋಳದ ಸಮೀಪದ ತಿಮ್ಮಾಪುರದಲ್ಲಿ ಇದಕ್ಕಾಗಿ ಸಂಶೋಧನಾ ಕೇಂದ್ರವೂ ಉಂಟು. ನೀಳವಾದ ಕಾಲು, ಆಳವಾದ ಎದೆಗೂಡು, ಒಳಸೇರಿದ ಹೊಟ್ಟೆ: ದೇಹದ ಅಂಗಾಂಗಗಳೆಲ್ಲ ಬಯಲಿನಲ್ಲಿ ಮೊಲವನ್ನು ಬೆನ್ನಟ್ಟಲೆಂದೇ ರೂಪುಗೊಂಡಿವೆ. ಇಂದು ಕೀರ್ತಿಗೆ ಮನಸೋತು ಇದನ್ನು ನಗರದ ಮಹಡಿಮನೆಗಳಿಗೆ ಒಯ್ಯುವವರಿದ್ದಾರೆ. ಬೆಳಿಗ್ಗೆ ಓಡಿಸಿ ದಣಿಸದೆ ಹಗಲೆಲ್ಲ ಕೂಡಿಹಾಕಿದರೆ ಅದು ಹಾಸಿಗೆಯ ಅರಳೆಯನ್ನು ಹರಡಿತೆಂದು ಯಾರನ್ನು ದೂರುವುದು?

ದೂರುವ ಮಾತು ಬಂದಾಗ ಇನ್ನೊಂದು ಸಂಗತಿ. ಸಂಜೆ ಮರಳಿದಾಗ ನಾಯಿ ಕಿವಿ ಇಳಿಸಿ, ಕಣ್ಣು ತಪ್ಪಿಸಿದರೆ ತಪ್ಪನ್ನು ಒಪ್ಪಿಕೊಳ್ಳುತ್ತಿದೆ ಎನ್ನುತ್ತೇವೆ. ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನು ಪರೀಕ್ಷಿಸಿದರು. ತಿನ್ನಬಾರದೆಂದ ತಿಂಡಿಯನ್ನು ತಿಂದ ನಾಯಿಯೂ ತಿನ್ನದ ನಾಯಿಯೂ ಒಡೆಯ ಗದರಿದಾಗ ಅದೇ ಮುಖವನ್ನು ತೋರಿದವು. ಅದು ಪಶ್ಚಾತ್ತಾಪವಲ್ಲ, ನಮ್ಮ ಸಿಟ್ಟಿನ ಭಯ.

ನಮ್ಮ ಬಯಲುಸೀಮೆಯಲ್ಲಿ ಬೇಸಗೆಯ ಲೆಕ್ಕ ಬೇರೆ. ನಾಯಿಗೆ ಪಾದದ ಅಡಿಯಲ್ಲಲ್ಲದೆ ಬೇರೆಡೆ ಬೆವರು ಹೆಚ್ಚಾಗಿ ಬಾರದು. ನಾಲಿಗೆ ಚಾಚಿ ಏದುತ್ತ, ಬಾಯಿಯ ತೇವ ಆವಿಯಾಗುವಾಗ ಹೀರಿಕೊಳ್ಳುವ ಶಾಖದಿಂದಲೇ ಅದು ಮೈ ತಣಿಸಿಕೊಳ್ಳಬೇಕು. ಇದಕ್ಕೆ ಬೀಸುವ ಗಾಳಿ ಬೇಕು, ಕುಡಿಯಲು ನೀರು ಬೇಕು. ದಪ್ಪ ಗೋಡೆಯ ಹಳೆಯ ಮಾಳಿಗೆಮನೆಯ ಪಡಸಾಲೆ ಏಪ್ರಿಲ್‌ನಲ್ಲೂ ತಂಪು. ತಗಡಿನ ಛಾವಣಿಯ ಕೆಳಗಿನ ಪಂಜರ ಅಂದು ಒಲೆಯೇ ಸರಿ. ಮನೆಯೊಳಗೆ ಬಿಟ್ಟ ನಾಯಿ ತಂಪಾದ ಮೂಲೆಯನ್ನು ತಾನೇ ಹುಡುಕಿಕೊಳ್ಳುತ್ತದೆ. ಒಂದೆರಡು ಕೋಣೆಗಳನ್ನು ಅದಕ್ಕೆ ಬಿಟ್ಟು, ತಂತಿ, ಔಷಧಿ, ಚಪ್ಪಲಿಗಳನ್ನು ಎತ್ತಿಟ್ಟು, ನೀರಿನ ಬೋಗುಣಿ ತುಂಬಿಟ್ಟು ಹೋಗುವುದೇ ನಮಗೆ ಮೇಲೆನಿಸುತ್ತದೆ. ಮರಿಯಾದರೆ ಇಷ್ಟೂ ಸಾಲದು. ಮೂರು ತಿಂಗಳ ಮರಿ ನಾಲ್ಕು ಗಂಟೆಗಿಂತ ಹೆಚ್ಚು ಮೂತ್ರ ತಡೆಯಲಾರದು.

ಸರಪಳಿಯ ಮಾತು ಉಳಿಯಿತು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದು ಪೊಂಪೆ ನಗರ ಬೂದಿಯಲ್ಲಿ ಹೂತಾಗ ಒಂದು ಮನೆಯ ಹೊಸ್ತಿಲಲ್ಲಿ ನಾಯಿಯೊಂದು ಕಟ್ಟಿದಂತೆಯೇ ಉಳಿಯಿತು. 1874ರಲ್ಲಿ ಅದರ ಅಚ್ಚನ್ನು ಸುಣ್ಣಗಾರೆಯಲ್ಲಿ ಎತ್ತಿದರು. ಮೈ ತಿರುಚಿ, ಕಾಲು ಮೇಲೆತ್ತಿ ಬಿದ್ದ ಆ ನಾಯಿಯ ಕೊರಳಪಟ್ಟಿ ಇಂದಿಗೂ ಕಾಣುತ್ತದೆ. ಅಷ್ಟು ದೂರ ಹೋಗಬೇಕಾಗಿಲ್ಲ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರಿನಿಂದ ಮಲಪ್ರಭೆ ಉಕ್ಕಿ ಕೊಣ್ಣೂರಿನೊಳಕ್ಕೆ ನುಗ್ಗಿದಾಗ ಜನ ಉಟ್ಟ ಬಟ್ಟೆಯಲ್ಲಿ ಮನೆ ಬಿಡಬೇಕಾಯಿತು. ಬಿಚ್ಚಿದ ನಾಯಿ ಮಾಳಿಗೆಯನ್ನೇರಬಲ್ಲುದು, ದಿಬ್ಬಕ್ಕೆ ಈಜಬಲ್ಲುದು. ಕಟ್ಟಿದ ನಾಯಿಗೂ ಪಂಜರದ ನಾಯಿಗೂ ಆ ಅವಕಾಶವಿಲ್ಲ. ಅಮೆರಿಕದಲ್ಲಿ 2005ರ ಕತ್ರೀನಾ ಚಂಡಮಾರುತದ ವೇಳೆ ಸಾಕುಪ್ರಾಣಿಗಳನ್ನು ಬಿಟ್ಟು ಬರಲೊಪ್ಪದೆ ಅನೇಕರು ನೀರಿನ ನಡುವೆಯೇ ಉಳಿದರು. ಮರುವರ್ಷವೇ ಅಲ್ಲಿ ಪರಿಹಾರ ಯೋಜನೆಗಳಲ್ಲಿ ಪ್ರಾಣಿಗಳನ್ನೂ ಸೇರಿಸುವ ಕಾನೂನು ಬಂದಿತು. ಹೊಳೆಸಾಲಿನ ಊರುಗಳಲ್ಲಿ ಮಳೆಗಾಲದಲ್ಲಿ ನಾಯಿಯನ್ನು ಒಳಗೆ ಬಿಟ್ಟು ಬೀಗ ಹಾಕುವವರು ಇನ್ನೊಂದು ಬೀಗದ ಕೈಯನ್ನು ಮಗ್ಗುಲ ಮನೆಯ ಅಜ್ಜಿಯ ಕೈಗೆ ಕೊಟ್ಟು ಹೋಗಬಹುದು. ನಾಯಿಗೂ ಅವಳ ಗುರುತು ಇದ್ದೇ ಇರುತ್ತದೆ.