ಮುಖವಿಲ್ಲದ ಕೊಲೆಗಾತಿ

ಕೊಲೆಗಾರನು ಪತ್ತೆಯಾಗದ ಊರಿನಲ್ಲಿ ಪ್ರತಿಯೊಬ್ಬನೂ ಪತ್ತೇದಾರನಾಗುವುದು ಸಹಜ. ಪೋಲೀಸರು ಬಾಯಿ ಬಿಡದಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆಂಬ ಗುಸುಗುಸು ಹುಟ್ಟುತ್ತದೆ; ಬಾಯಿ ಬಿಟ್ಟರೆ ಆ ಮಾತಿಗೆ ಬಾಲ ಕಟ್ಟಿ ಹರಡುವವರಿಗೆ ಕೊರತೆಯಿಲ್ಲ. ಇಂಥ ಊಹೆಗಳನ್ನು ತಿಳಿದವರು ನಕ್ಕು ಬಿಡುವುದುಂಟು. ಆದರೆ ಊಹೆಯ ತಳಹದಿಯು ಪ್ರಯೋಗಶಾಲೆಯ ವರದಿಯೇ ಆಗಿದ್ದರೆ? ಆಗ ಅದನ್ನು ಊಹೆಯೆಂದು ಕರೆಯುವ ಧೈರ್ಯ ಯಾರಿಗೂ ಬರುವುದಿಲ್ಲ. ಜರ್ಮನಿಯಲ್ಲಿ ಹೀಗೆಯೇ ಆಯಿತು.

೨೦೦೭ನೆಯ ಇಸವಿ ಏಪ್ರಿಲ್ ೨೫ರಂದು ಹೈಲ್‌ಬ್ರಾನ್ ನಗರದಲ್ಲಿ, ಕಾರಿನಲ್ಲಿ ಕುಳಿತಿದ್ದ ಇಬ್ಬರು ಪೋಲೀಸರ ಮೇಲೆ ಯಾರೋ ಹಾಡುಹಗಲಲ್ಲಿ ಗುಂಡು ಹಾರಿಸಿ ಅವರ ಪಿಸ್ತೂಲುಗಳನ್ನು ಕದ್ದೊಯ್ದರು. ೨೨ ವರ್ಷದ ತರುಣಿಯೊಬ್ಬಳು ಮಡಿದಳು. ಅವಳ ಜೊತೆಗಾರನು ತೀವ್ರವಾಗಿ ಗಾಯಗೊಂಡು ಉಳಿದುಕೊಂಡನು. ತನಿಖೆಗಾರರು ಹತ್ತಿ ಸುತ್ತಿದ ಕಡ್ಡಿಗಳಿಂದ ಕಾರನ್ನು ಒರಸಿ ಪರೀಕ್ಷಿಸಿದಾಗ ಅಪರಿಚಿತ ಹೆಂಗಸೊಬ್ಬಳ ಡಿಎನ್‌ಎ ದೊರೆಯಿತು. ಹಳೆಯ ಕಡತಗಳೊಡನೆ ಹೋಲಿಸಿ ನೋಡಿದರೆ ಅದೇ ಗುರುತು! ೧೯೯೩ರಲ್ಲಿ ಇಡಾರ್-ಓಬರ್‌ಸ್ಟೈನಿನಲ್ಲಿ ಕೊಲೆಯಾದ ವೃದ್ಧೆಯ ಮನೆಯ ಬಟ್ಟಲಿನ ಮೇಲೆ, ೨೦೦೧ರಲ್ಲಿ ಫ್ರೈಬುರ್ಗ್‌ನಲ್ಲಿ ಕೊಲೆಯಾದ ವ್ಯಾಪಾರಿಯ ಮನೆಯಲ್ಲಿ, ಕಳ್ಳರು ಅರ್ಧ ತಿಂದು ಬಿಟ್ಟಿದ್ದ ಬಿಸ್ಕತ್ತಿನ ಮೇಲೆ, ಹೀಗೆ ಜರ್ಮನಿ, ಆಸ್ಟ್ರಿಯ, ಫ್ರಾನ್ಸ್ ದೇಶಗಳ ಸುಮಾರು ೪೦ ಸ್ಥಳಗಳಲ್ಲಿ ಅವಳ ಸುಳಿವು ಸಿಕ್ಕಿತು.

ಪತ್ರಿಕೆಗಳು ಅವಳನ್ನು ‘ಮುಖವಿಲ್ಲದ ಹೆಂಗಸು’ ಎಂದು ಕರೆದವು. ಹಿಡಿದುಕೊಟ್ಟವರಿಗೆ ೩ ಲಕ್ಷ ಯೂರೋಗಳ ಬಹುಮಾನ ಸಾರಲಾಯಿತು. ಅವಳು ಗಂಡಸಿನಂತೆ ಕಾಣುವವಳೆಂದು ಕೆಲವರೂ, ಮಾದಕ ವಸ್ತುವಿನ ದಾಸಿಯೆಂದು ಕೆಲವರೂ ಊಹಿಸಿದರು. ಅಲೆಮಾರಿಗಳಾದ ರೋಮಾ ಜನರ ಮೇಲೆಯೂ ಸಂಶಯ ಬಿತ್ತು. ಸಿಕ್ಕಿಬಿದ್ದ ಸಣ್ಣಪುಟ್ಟ ಕಳ್ಳರು ಅಂಥ ಹೆಂಗಸನ್ನು ತಾವು ಕಂಡೇ ಇಲ್ಲವೆಂದರು. ವಿಜ್ಞಾನವು ಒಂದು ಹೇಳುತ್ತಿರುವಾಗ ಕಳ್ಳನ ಮಾತಿಗೆ ಬೆಲೆಯೆಲ್ಲಿ?

ಈ ಪರೀಕ್ಷೆಯ ಕ್ರಮವನ್ನು ಸ್ವಲ್ಪ ನೋಡೋಣ. ಉಗುಳು, ರಕ್ತ, ಚರ್ಮದ ಸಿಪ್ಪೆ ಇವುಗಳಲ್ಲಿರುವ ಜೀವಕೋಶಗಳಲ್ಲಿ ಡಿಎನ್‌ಎ ಎಂಬ ಉದ್ದನೆಯ ಅಣುವಿದೆ. ಅಪರಾಧ ನಡೆದ ಸ್ಥಳದಲ್ಲಿ ಸಿಕ್ಕುವುದು ಅತ್ಯಲ್ಪವಾದುದರಿಂದ ಅದರ ಆಯ್ದ ತುಣುಕುಗಳನ್ನು ‘ಪಾಲಿಮರೇಸ್ ಸರಣಿ ಕ್ರಿಯೆ’ಯಿಂದ ವೃದ್ಧಿಗೊಳಿಸುತ್ತಾರೆ. ಪ್ರತಿಯೊಂದು ಸುತ್ತಿನಲ್ಲಿಯೂ ತುಣುಕುಗಳ ಸಂಖ್ಯೆ ಇಮ್ಮಡಿಯಾಗುತ್ತದೆ. ಎರಡರ ಘಾತಗಳನ್ನು ಬಲ್ಲ ವಿದ್ಯಾರ್ಥಿಯು ಲೆಕ್ಕ ಹಾಕಲಿ: ೨೮ ಸುತ್ತುಗಳು ಮುಗಿಯುವ ವೇಳೆಗೆ ಒಂದು ತುಣುಕು ಸುಮಾರು ೨೭ ಕೋಟಿಯಾಗಬಲ್ಲದು. ಇದೇ ಈ ವಿಧಾನದ ಶಕ್ತಿ, ಇದೇ ಅಪಾಯ. ತನ್ನ ಮುಂದಿರುವ ಅಣುವು ಕೊಲೆಗಾರನದೋ ಕಡ್ಡಿಯನ್ನು ಮುಟ್ಟಿದವರದೋ ಎಂದು ಆ ಕ್ರಿಯೆಯು ವಿಚಾರಿಸುವುದಿಲ್ಲ.

೨೦೦೯ರ ಮಾರ್ಚ್ ತಿಂಗಳಲ್ಲಿ ಗುಟ್ಟು ಬಯಲಾಯಿತು. ಸುಟ್ಟುಹೋಗಿದ್ದ ಗಂಡಸಿನ ಶವವೊಂದರ ಗುರುತು ಹಿಡಿಯಬೇಕಾಗಿತ್ತು. ಅದಕ್ಕಾಗಿ, ಆಶ್ರಯ ಕೋರಿ ಸಲ್ಲಿಸಿದ್ದ ಹಳೆಯ ಅರ್ಜಿಯ ಮೇಲಿನ ಬೆರಳಚ್ಚುಗಳನ್ನು ಪರೀಕ್ಷಿಸಿದರು. ಗಂಡಸಿನ ಬೆರಳಚ್ಚಿನಲ್ಲಿ ಅದೇ ಹೆಂಗಸಿನ ಡಿಎನ್‌ಎ! ಬೇರೊಂದು ಕಡ್ಡಿಯಿಂದ ಪುನಃ ಪರೀಕ್ಷಿಸಿದಾಗ ಅದು ಮಾಯವಾಗಿತ್ತು. ಕಡ್ಡಿಗಳನ್ನು ತಯಾರಿಸುವ ಕಾರ್ಖಾನೆಯ ಕೆಲಸಗಾರ್ತಿಯೊಬ್ಬಳ ಡಿಎನ್‌ಎ ಎಲ್ಲ ಕಡೆಗೂ ಪಯಣ ಮಾಡಿತ್ತು. ಪಾಪ, ಅವಳು ಯಾವ ತಪ್ಪನ್ನೂ ಮಾಡಿರಲಿಲ್ಲ. ಕಡ್ಡಿಗಳನ್ನು ಕ್ರಿಮಿರಹಿತಗೊಳಿಸಿದ್ದರೆಂಬುದು ನಿಜ. ಆದರೆ ಕ್ರಿಮಿಗಳು ಸತ್ತರೂ ಡಿಎನ್‌ಎ ಉಳಿಯಬಲ್ಲದು.

ಸ್ಕ್ರೂಗೇಜನ್ನು ಕೈಯಲ್ಲಿ ಹಿಡಿದಿರುವ ವಿದ್ಯಾರ್ಥಿಗೆ ಶೂನ್ಯದೋಷವೆಂಬುದು ಗೊತ್ತು. ನಡುವೆ ಏನನ್ನೂ ಇಡದಿರುವಾಗಲೇ ಉಪಕರಣವು ಸೊನ್ನೆಯನ್ನು ತೋರಿಸದಿದ್ದರೆ, ತಂತಿಯ ದಪ್ಪವನ್ನು ೪೦ ಸಲ ಅಳೆದರೂ ಅದೇ ತಪ್ಪು ಬರುತ್ತದೆ. ಸರಾಸರಿ ತೆಗೆದರೂ ಹೋಗದು. ಒಂದೇ ಬಗೆಯ ಕಡ್ಡಿಯಿಂದ ಬಂದ ೪೦ ಫಲಿತಾಂಶಗಳು ೪೦ ಸಾಕ್ಷಿಗಳಲ್ಲ. ಬಳಸದ ಕಡ್ಡಿಗಳನ್ನೇ ಸಾಕಷ್ಟು ಸಂಖ್ಯೆಯಲ್ಲಿ ಪರೀಕ್ಷಿಸಿದ್ದರೆ ದೋಷವು ಮೊದಲೇ ಹೊರಬೀಳಬಹುದಾಗಿತ್ತು. ಭೂಪಟವೂ ಸುಳಿವು ಕೊಡುತ್ತಿತ್ತು: ನೆರೆಯ ಬವೇರಿಯ ಪ್ರಾಂತ್ಯದಲ್ಲಿ ಈ ಹೆಂಗಸು ಕಾಣಿಸಿಕೊಳ್ಳಲೇ ಇಲ್ಲ. ಅಲ್ಲಿಯ ಪೋಲೀಸರು ಕಡ್ಡಿಗಳನ್ನು ಬೇರೆ ಕಡೆಯಿಂದ ತರಿಸುತ್ತಿದ್ದರು! ಇಂಥ ಸಾಮಗ್ರಿಗಳಲ್ಲಿ ಮಾನವ ಡಿಎನ್‌ಎ ಬೆರೆಯದಂತೆ ನೋಡಿಕೊಳ್ಳಲು ಅಂತರರಾಷ್ಟ್ರೀಯ ಮಾನಕವು ಬಂದುದು ೨೦೧೬ರಲ್ಲಿ.

ಹಾಗಾದರೆ ಆ ತರುಣಿಯನ್ನು ಕೊಂದವರಾರು? ೨೦೧೧ರ ನವೆಂಬರಿನಲ್ಲಿ ಐಸೆನಾಖ್ ಎಂಬಲ್ಲಿ ಉರಿದುಹೋದ ವಾಹನವೊಂದರಲ್ಲಿ ಇಬ್ಬರು ಗಂಡಸರ ಶವಗಳೂ ಹೈಲ್‌ಬ್ರಾನ್‌ನಲ್ಲಿ ಕಳುವಾದ ಪಿಸ್ತೂಲುಗಳೂ ದೊರೆತವು. ಇವರು ವಲಸೆ ಬಂದವರನ್ನು ದ್ವೇಷಿಸುವ ನವನಾಜಿ ಗುಂಪಿನವರು. ೨೦೦೦ದಿಂದ ೨೦೦೬ರವರೆಗೆ ತುರ್ಕಿ ಮೂಲದ ಎಂಟು ಜನರನ್ನೂ ಗ್ರೀಕನೊಬ್ಬನನ್ನೂ ಕೊಂದವರು ಇವರೇ ಎಂದು ಆಗ ತಿಳಿಯಿತು.

ಆ ಒಂಬತ್ತು ಕೊಲೆಗಳಲ್ಲಿ ಕಡ್ಡಿಯ ದೋಷವಿರಲಿಲ್ಲ, ಶೂನ್ಯದೋಷವು ಮನಸ್ಸಿನಲ್ಲಿತ್ತು. ಸತ್ತವರೇ ಯಾವುದೋ ಕಳ್ಳ ವ್ಯವಹಾರದಲ್ಲಿ ಸಿಕ್ಕಿಕೊಂಡಿರಬೇಕೆಂದು ತನಿಖೆಗಾರರು ಶಂಕಿಸಿದರು, ಪತ್ರಿಕೆಗಳು ಬರೆದವು, ನೆರೆಹೊರೆಯವರು ನಂಬಿದರು. ಮೂವರೂ ಒಂದೇ ಮಾತನ್ನಾಡಿದುದರಿಂದ ಅದು ಸತ್ಯವೆಂಬಂತೆ ತೋರಿತು. ಮೃತರ ಮನೆಯವರನ್ನೇ ವರ್ಷಗಟ್ಟಲೆ ಪ್ರಶ್ನಿಸಲಾಯಿತು. ಜರ್ಮನಿಯ ಚಾನ್ಸೆಲರ್ ಏಂಜೆಲಾ ಮರ್ಕೆಲ್ ಆ ಕುಟುಂಬಗಳ ಕ್ಷಮೆ ಕೇಳಿದುದು ೨೦೧೨ರಲ್ಲಿ. ಆದರೆ ಕೊಲೆಗಳ ಹಿಂದೆ ದ್ವೇಷವಿರಬಹುದೆಂದು ಅವರು ಎಂದೋ ಶಂಕಿಸಿದ್ದರು. ೨೦೦೬ರಲ್ಲಿ ಅವರು ಕಾಸೆಲ್ ನಗರದ ಬೀದಿಗಳಲ್ಲಿ ‘ಹತ್ತನೆಯ ಬಲಿ ಬೇಡ’ ಎಂದು ಮೆರವಣಿಗೆ ಹೊರಟಿದ್ದರು. ಮರುವರ್ಷ ಹೈಲ್‌ಬ್ರಾನ್‌ನಲ್ಲಿ ಮಡಿದ ಪೋಲೀಸ್ ತರುಣಿಯೇ ಆ ಹತ್ತನೆಯವಳು.