ಲಿನಕ್ಸ್ ಬಂತು, ಪರದೆ ಕಪ್ಪಾಯಿತು!

ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ವಿಂಡೋಸ್ 11 ಹಾಕಲಾಗದ ಹಳೆಯ ಕಂಪ್ಯೂಟರನ್ನು ಮೂಲೆಗೆ ತಳ್ಳಬೇಕಾಗಿಲ್ಲ. ಉಚಿತವಾಗಿ ಸಿಗುವ ಲಿನಕ್ಸ್ ಹಾಕಿ ಮಕ್ಕಳ ಓದಿಗೆ ಬಳಸಬಹುದು. ಆದರೆ ಕೆಲವರಿಗೆ ಮೊದಲ ದಿನವೇ ಗಾಬರಿ ಕಾದಿರುತ್ತದೆ. ಫ್ಯಾನ್ ಸದ್ದು ಕೇಳುತ್ತದೆ, ದೀಪ ಉರಿಯುತ್ತದೆ, ಪರದೆ ಮಾತ್ರ ಕಪ್ಪು! ಮಗ ಏನೋ ಮಾಡಿ ಮಾನಿಟರ್ ಕೆಡಿಸಿದ ಎಂದು ಮನೆಯಲ್ಲಿ ರಾದ್ಧಾಂತ. ಹೊಸ ಮಾನಿಟರ್‌ಗೆ ಹಣ ಹೊಂದಿಸುವ ಮೊದಲು ಸ್ವಲ್ಪ ತಾಳಿ.

ಈ ಭಯಕ್ಕೆ ಹಳೆಯ ಕಾರಣವೊಂದಿದೆ. 1990ರ ದಶಕದಲ್ಲಿ ಲಿನಕ್ಸ್ ಹಾಕುವವರು ಮಾನಿಟರ್‌ನ ಅಂಕಿಗಳನ್ನು ತಾವೇ ಬರೆದುಕೊಡಬೇಕಿತ್ತು. ಅಂಕಿ ತಪ್ಪಿದರೆ ಅಂದಿನ ಡಬ್ಬಿಯಂಥ ಮಾನಿಟರ್‌ಗಳು ಕೆಡುವ ಅಪಾಯವೂ ಇತ್ತು. ಇಂದಿನ ತೆಳು ಮಾನಿಟರ್ ತನಗೆ ಒಗ್ಗದ ಸಂಕೇತ ಬಂದರೆ ಚಿತ್ರ ತೋರಿಸುವುದಿಲ್ಲ, ಅಷ್ಟೆ.

ಮೊದಲ ಪರೀಕ್ಷೆ

ಸ್ವಿಚ್ ಒತ್ತಿದ ಕೂಡಲೇ ಪರದೆ ಗಮನಿಸಿ. ಕಂಪ್ಯೂಟರ್ ತಯಾರಕರ ಚಿಹ್ನೆ ಮೂಡಿ ಆಮೇಲೆ ಕಪ್ಪಾದರೆ ಮಾನಿಟರ್, ಕೇಬಲ್ ಎರಡೂ ಕೆಲಸ ಮಾಡುತ್ತಿವೆ ಎಂದರ್ಥ. ‘ನೋ ಸಿಗ್ನಲ್’ ಎಂದು ತೋರಿಸುವ ಮಾನಿಟರ್ ಕೂಡ ಸತ್ತಿಲ್ಲ. ಸಂಕೇತ ತಲುಪಿಲ್ಲ ಎನ್ನುತ್ತಿದೆ. ‘ಔಟ್ ಆಫ್ ರೇಂಜ್’ ಎಂದರೆ ಬಂದ ಸಂಕೇತ ಅದರ ಶಕ್ತಿಗೆ ಮೀರಿದ್ದು. ಚಿಹ್ನೆಯೇ ಬಾರದಿದ್ದರೆ ಕೇಬಲ್ ಬಿಚ್ಚಿ ಬಿಗಿಯಾಗಿ ಹಾಕಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಅದಕ್ಕೇ ಸೇರಿದೆಯೇ ನೋಡಿ.

ಕಾರಣವೇನು?

ಚಿತ್ರ ಮೂಡಿಸುವ ಗ್ರಾಫಿಕ್ಸ್ ಚಿಪ್‌ಗೆ ಕೆಲಸ ಹೇಳುವ ತಂತ್ರಾಂಶವೇ ‘ಡ್ರೈವರ್’. ಇಂಟೆಲ್, ಎಎಂಡಿ ಚಿಪ್‌ಗಳ ಡ್ರೈವರ್‌ಗಳು ಲಿನಕ್ಸ್‌ನೊಳಗೇ ಇವೆ. ಎನ್‌ವಿಡಿಯಾ ಕಂಪನಿ ತನ್ನ ಚಿಪ್‌ಗಳ ಒಳಗುಟ್ಟನ್ನು ಬಹುಕಾಲ ಬಿಟ್ಟುಕೊಡಲಿಲ್ಲ. ಅವುಗಳ ವರ್ತನೆ ನೋಡಿ ಸ್ವಯಂಸೇವಕರು ‘ನೂವೋ’ ಎಂಬ ಡ್ರೈವರ್ ಬರೆದರು. ಕೆಲವು ಕಾರ್ಡ್‌ಗಳಿಗೆ ಅದು ಹೊಂದುವುದಿಲ್ಲ. 2022ರಲ್ಲಿ ಕಂಪನಿ ಒಂದಿಷ್ಟು ಮೂಲಸಂಕೇತ ಬಿಡುಗಡೆ ಮಾಡಿದರೂ ಅದು ಹೊಸ ಚಿಪ್‌ಗಳಿಗೆ ಮಾತ್ರ.

ಮಾಡಬೇಕಾದದ್ದು

ಕಂಪ್ಯೂಟರ್ ಶುರುವಾಗುವಾಗ ಎಸ್ಕೇಪ್ ಕೀಲಿ ಒತ್ತಿ. ಹಳೆಯ ಯಂತ್ರವಾದರೆ ಶಿಫ್ಟ್ ಹಿಡಿದಿರಿ. ‘ಗ್ರಬ್’ ಎಂಬ ಪಟ್ಟಿ ಬರುತ್ತದೆ. ಉಬುಂಟು, ಮಿಂಟ್‌ಗಳಲ್ಲಿ ಕ್ರಮ ಹೀಗಿದೆ: ಮೊದಲ ಸಾಲಿನ ಮೇಲೆ ನಿಂತು ‘ಇ’ ಕೀಲಿ ಒತ್ತಿ. ‘ಲಿನಕ್ಸ್’ ಪದದಿಂದ ಶುರುವಾಗುವ ಸಾಲಿನ ಕೊನೆಗೆ ಹೋಗಿ, ಒಂದು ಜಾಗ ಬಿಟ್ಟು ‘ನೋಮೋಡ್‌ಸೆಟ್’ ಎಂದು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಬರೆಯಿರಿ: ಎನ್, ಓ, ಎಂ, ಓ, ಡಿ, ಇ, ಎಸ್, ಇ, ಟಿ. ನಡುವೆ ಜಾಗ ಬೇಡ. ನಂತರ ಎಫ್10 ಒತ್ತಿ.

ಪರದೆಯನ್ನು ಸದ್ಯಕ್ಕೆ ಸರಳ ರೀತಿಯಲ್ಲೇ ನಡೆಸು ಎಂಬ ಅಪ್ಪಣೆ ಇದು. ಆ ಒಂದು ಸಲಕ್ಕೆ ಮಾತ್ರ ಜಾರಿಯಲ್ಲಿರುವುದರಿಂದ, ಬರೆದದ್ದು ತಪ್ಪಿದರೆ ಮತ್ತೆ ಶುರುಮಾಡಿದರಾಯಿತು. ಚಿತ್ರ ಮೂಡಿದ ಮೇಲೆ ಉಬುಂಟುವಿನಲ್ಲಿ ‘ಅಡಿಷನಲ್ ಡ್ರೈವರ್ಸ್’, ಮಿಂಟ್‌ನಲ್ಲಿ ‘ಡ್ರೈವರ್ ಮ್ಯಾನೇಜರ್’ ತೆರೆದು ಅಲ್ಲಿ ಶಿಫಾರಸು ಮಾಡಿದ ಡ್ರೈವರ್ ಹಾಕಿಕೊಳ್ಳಿ. ಈ ಹಂತ ಬಿಟ್ಟರೆ ಮರುದಿನ ಮತ್ತೆ ಕತ್ತಲೆಯೇ.

ಅಕ್ಷರ ದಪ್ಪವಾದರೆ

ಕೆಲವೆಡೆ ಪರದೆ ಬೆಳಗುತ್ತದೆ, ಅಕ್ಷರಗಳು ಮಾತ್ರ ದಪ್ಪವಾಗಿ, ಮಸುಕಾಗಿ ಕಾಣುತ್ತವೆ. ಮಾನಿಟರ್ ತನ್ನ ಅಳತೆ, ಸಾಮರ್ಥ್ಯಗಳ ಜಾತಕವನ್ನು ಕೇಬಲ್ ಮೂಲಕ ಕಂಪ್ಯೂಟರಿಗೆ ಕಳಿಸುತ್ತದೆ. ಇದೇ ‘ಇಡಿಐಡಿ’. ಹಳೆಯ ವಿಜಿಎ ಕೇಬಲ್‌ನ 15 ಸೂಜಿಗಳಲ್ಲಿ ಈ ಕೆಲಸದ್ದು ಮುರಿದಿದ್ದರೆ ಜಾತಕ ತಲುಪುವುದಿಲ್ಲ. ಆಗ ಲಿನಕ್ಸ್ ಅಂದಾಜಿನ ಮೇಲೆ 1024x768ರಂಥ ಸಣ್ಣ ಅಳತೆ ಹಿಡಿಯುತ್ತದೆ. ನೆರೆಯವರ ಕೇಬಲ್ ತಂದು ಪರೀಕ್ಷಿಸಿ ನೋಡಿ.

ಇನ್ನೂ ಲಿನಕ್ಸ್ ಹಾಕದವರಿಗೆ ಒಂದು ಮಾತು. ಮೊದಲು ಅದನ್ನು ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಿ. ಪರದೆ ಸರಿಯಿದೆಯೇ ಎಂಬುದು ಆಗಲೇ ಬಹುಮಟ್ಟಿಗೆ ತಿಳಿಯುತ್ತದೆ. ಹಾಕುವುದೆಂದು ನಿರ್ಧರಿಸಿದರೆ ಫೋಟೊ, ಟಿಪ್ಪಣಿಗಳನ್ನು ಬೇರೆಡೆ ನಕಲು ಮಾಡಿಡಿ. ಪರದೆಯ ತೊಂದರೆಗೆ ಮದ್ದಿದೆ, ಅಳಿಸಿಹೋದ ಫೋಟೊಗಳಿಗೆ ಅಷ್ಟು ಸುಲಭದ ಮದ್ದಿಲ್ಲ.