ಓಡುವವರ ಕಾಲು ನೋಡಿ ಕೊಟ್ಟರೆ ಸಾಕೇ? ಹಣ ಹೋಗುವ ದಾರಿಯನ್ನೂ ನೋಡಿ

ಕಾಸರಗೋಡು: ಮೊದಲೆಲ್ಲ ಊರಿನಲ್ಲಿ ಸಹಾಯಧನ ಎತ್ತುವುದೆಂದರೆ ರಶೀದಿ ಪುಸ್ತಕ ಹಿಡಿದು ಮನೆಮನೆಗೆ ಬರುವ ನಾಲ್ಕು ಮಂದಿ. ಅವರಲ್ಲಿ ಒಬ್ಬರಾದರೂ ಗುರುತಿನವರು. ಜಗಲಿಯಲ್ಲಿ ಕುಳಿತು ಮಜ್ಜಿಗೆ ಕುಡಿದು, ರಶೀದಿ ಹರಿದು ಕೊಟ್ಟು ಹೋಗುತ್ತಿದ್ದರು. ಲೆಕ್ಕ ತಪ್ಪಿದರೆ ಮುಂದಿನ ಜಾತ್ರೆಯಲ್ಲಿ ಹಿಡಿದು ಕೇಳಬಹುದಿತ್ತು.

ಈಗ ಹಾಗಲ್ಲ. "ನಾನು ಹತ್ತು ಕಿಲೋಮೀಟರ್ ಓಡ್ತಿದ್ದೇನೆ, ಕಿಲೋಮೀಟರಿಗೆ ನೂರು ರೂಪಾಯಿ ಕೊಡಿ" ಎಂಬ ಸಂದೇಶ ಬೆಂಗಳೂರಿನಿಂದಲೋ ಮುಂಬಯಿಯಿಂದಲೋ ಮೊಬೈಲಿಗೆ ಬಂದು ಬೀಳುತ್ತದೆ. ಓಡುವುದು ನಮ್ಮದೇ ಅಕ್ಕನ ಮಗ. ಇಲ್ಲವೆನ್ನುವುದು ಹೇಗೆ? ಕೆಳಗಿನ ಕೋಡ್ ಸ್ಕ್ಯಾನ್ ಮಾಡಿದರೆ ಅರ್ಧ ನಿಮಿಷದಲ್ಲಿ ಹಣ ಹೋಯಿತು. ಎಲ್ಲಿಗೆ ಹೋಯಿತು ಎಂದು ಕೇಳಿದರೆ ಮಾತ್ರ ಉತ್ತರ ಗೊತ್ತಿಲ್ಲ.

ಕೇರಳದಲ್ಲಿರುವ ನಮಗೆ 'ಚಾಲೆಂಜ್' ಹೊಸ ಶಬ್ದವೇನೂ ಅಲ್ಲ. 2018ರ ಮಹಾಪ್ರವಾಹದ ಬಳಿಕ ಸರ್ಕಾರಿ ನೌಕರರಿಗೆ ಸಂಬಳದ ಚಾಲೆಂಜ್ ಬಂತು. ಬಿರಿಯಾಣಿ ಚಾಲೆಂಜ್, ಪಾಯಸ ಚಾಲೆಂಜ್, ಗುಜರಿ ಚಾಲೆಂಜ್ ಎಲ್ಲವನ್ನೂ ಕಂಡಿದ್ದೇವೆ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಮಣ್ಣಿನಡಿ ಸೇರಿದಾಗ ಗಲ್ಲಿಗಲ್ಲಿಯಲ್ಲಿ ಬಿರಿಯಾಣಿ ಬೆಂದಿತು. ಕೊಡುವ ಮನಸ್ಸಿಗೆ ಇಲ್ಲಿ ಬರವಿಲ್ಲ. ಕೇಳುವ ಅಭ್ಯಾಸ ಮಾತ್ರ ಕಡಿಮೆ.

ಒಂದೇ ಹೆಸರು, ಎರಡು ಹುಂಡಿ

ಪ್ರಾಯೋಜಿತ ನಡಿಗೆ, ಓಟಗಳ ಪದ್ಧತಿ ಬಹಳ ಬೇರೂರಿರುವುದು ಇಂಗ್ಲೆಂಡಿನಲ್ಲಿ. ಅಲ್ಲಿಯ ಒಂದು ಪ್ರಕರಣ ನಮಗೆಲ್ಲ ಪಾಠದಂತಿದೆ. ಕೋವಿಡ್ ಕಾಲದ 2020ರ ಏಪ್ರಿಲ್‌ನಲ್ಲಿ ಎರಡನೇ ಮಹಾಯುದ್ಧದ ಹಳೆಯ ಯೋಧ ಕ್ಯಾಪ್ಟನ್ ಟಾಮ್ ಮೂರ್ ತನ್ನ ನೂರನೇ ಹುಟ್ಟುಹಬ್ಬದೊಳಗೆ ಮನೆಯ ತೋಟಕ್ಕೆ ನೂರು ಸುತ್ತು ಬರುವುದಾಗಿ ಹೇಳಿ, ವಾಕರ್ ಹಿಡಿದು ಹೊರಟರು. ಗುರಿ ಇದ್ದದ್ದು ಒಂದು ಸಾವಿರ ಪೌಂಡ್. ಸೇರಿದ್ದು ತೆರಿಗೆ ಮರುಪಾವತಿಯೂ ಸೇರಿ ಸುಮಾರು 3.89 ಕೋಟಿ ಪೌಂಡ್! ಅದಿಷ್ಟೂ ಸರ್ಕಾರಿ ಆಸ್ಪತ್ರೆಗಳಿಗೆ ನೆರವಾಗುವ 'ಎನ್‌ಎಚ್‌ಎಸ್ ಚಾರಿಟೀಸ್ ಟುಗೆದರ್' ಸಂಸ್ಥೆಗೆ ಹೋಯಿತು. ಇದರಲ್ಲಿ ಯಾವ ತಕರಾರೂ ಇಲ್ಲ.

ತಕರಾರು ಹುಟ್ಟಿದ್ದು ಅದೇ ವರ್ಷ ಅವರ ಹೆಸರಿನಲ್ಲಿ ಸ್ಥಾಪನೆಯಾದ ಬೇರೆ ಪ್ರತಿಷ್ಠಾನದ ಬಗ್ಗೆ. 2021ರ ಫೆಬ್ರುವರಿಯಲ್ಲಿ ಟಾಮ್ ತೀರಿಕೊಂಡರು. ಅಲ್ಲಿಯ ಚಾರಿಟಿ ಕಮಿಷನ್ 2022ರಲ್ಲಿ ವಿಧ್ಯುಕ್ತ ತನಿಖೆ ಆರಂಭಿಸಿ, 2024ರ ನವೆಂಬರ್‌ನಲ್ಲಿ ವರದಿ ಪ್ರಕಟಿಸಿತು. ಪುಸ್ತಕಗಳ ಒಪ್ಪಂದದಿಂದ ಬಂದ 14 ಲಕ್ಷ ಪೌಂಡಿಗೂ ಮಿಕ್ಕ ಮುಂಗಡ ಹೋದದ್ದು ಕುಟುಂಬದ ಕಂಪನಿಗೆ. ಪುಸ್ತಕ ಕೊಂಡರೆ ಪ್ರತಿಷ್ಠಾನಕ್ಕೆ ನೆರವಾಗುತ್ತದೆ ಎಂದು ಜನ ತಿಳಿದಿದ್ದರು. ಮನೆಯ ಪಕ್ಕದ ಕಟ್ಟಡವೊಂದರ ಅನುಮತಿ ಅರ್ಜಿಯಲ್ಲಿ ಪ್ರತಿಷ್ಠಾನದ ಹೆಸರು ಬಳಸಲಾಗಿತ್ತು. ಬಳಿಕ ಅದರಲ್ಲಿ ಸ್ಪಾ ಕೊಳ ಕಾಣಿಸಿಕೊಂಡು, 2024ರಲ್ಲಿ ಕಟ್ಟಡವನ್ನೇ ಕೆಡವಬೇಕಾಯಿತು. ದುರ್ನಡತೆ, ದುರಾಡಳಿತ ನಡೆದಿದೆ ಎಂಬುದು ಕಮಿಷನ್ನಿನ ತೀರ್ಮಾನ. ಕುಟುಂಬದವರು ಆರೋಪ ಅಲ್ಲಗಳೆದಿದ್ದಾರೆ.

ಇಲ್ಲಿ ಗಮನಿಸಬೇಕಾದ ಅಂಶ ಒಂದೇ. ಹೆಸರು ಒಂದು, ಹುಂಡಿ ಎರಡು. ನಡೆದವರು ಪ್ರಾಮಾಣಿಕರು, ಹಣ ಕೊಟ್ಟವರೂ ಪ್ರಾಮಾಣಿಕರು. ಆದರೆ ಮೊದಲ ಹುಂಡಿಯ ಮೇಲಿನ ವಿಶ್ವಾಸವನ್ನು ಜನ ಎರಡನೆಯದಕ್ಕೂ ಕೊಟ್ಟುಬಿಟ್ಟರು. ಆದುದರಿಂದ ಓಡುವವನು ಯಾರು ಎಂದು ನೋಡುವುದಲ್ಲ, ಹಣ ಯಾವ ಖಾತೆಗೆ ಬೀಳುತ್ತದೆ ಎಂದು ನೋಡುವುದು ಮುಖ್ಯ.

ಬಕೆಟ್ ನೀರಿನ ಲೆಕ್ಕ

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. 2014ರಲ್ಲಿ ತಲೆಯ ಮೇಲೆ ಐಸ್ ನೀರು ಸುರಿದುಕೊಳ್ಳುವ ಚಾಲೆಂಜ್ ಜಗತ್ತಿಡೀ ಹಬ್ಬಿದ್ದು ನೆನಪಿರಬಹುದು. ಹುಡುಗಾಟಿಕೆ ಎಂದು ನಕ್ಕವರೇ ಹೆಚ್ಚು. ಆದರೆ ಅಮೆರಿಕದ ಎಎಲ್‌ಎಸ್ ಅಸೋಸಿಯೇಷನ್‌ಗೆ ಅದರಿಂದ ಬಂದದ್ದು 11.5 ಕೋಟಿ ಡಾಲರ್. ಸ್ನಾಯುಗಳು ಒಂದೊಂದಾಗಿ ಸೋಲುವ ಆ ರೋಗದ ಸಂಶೋಧನೆಗೆ ಸುಮಾರು 7.7 ಕೋಟಿ, ರೋಗಿಗಳ ಸೇವೆಗೆ 2.3 ಕೋಟಿ ಡಾಲರ್ ಎಂದು ಸಂಸ್ಥೆ ಬಿಡಿಬಿಡಿಯಾಗಿ ಲೆಕ್ಕ ಮುಂದಿಟ್ಟಿತು. 2016ರಲ್ಲಿ ರೋಗಕ್ಕೆ ಸಂಬಂಧಿಸಿದ ಎನ್‌ಇಕೆ1 ಎಂಬ ಜೀನ್ ಪತ್ತೆಯಾಯಿತು. ಆ ಸಂಶೋಧನೆಗೆ ಈ ಹಣವೂ ಸಂದಿತ್ತು. ಚಾಲೆಂಜ್ ಎಂದರೆ ಮೋಸ ಎನ್ನುವುದೂ ತಪ್ಪು ಎಂಬುದಕ್ಕೆ ಇದು ಸಾಕ್ಷಿ.

ಹೆಚ್ಚು ಬಂದರೆ ಏನು?

ದೂರದ್ದು ಬೇಡ, ನೆರೆಯ ಕಣ್ಣೂರನ್ನೇ ನೋಡಿ. 2021ರಲ್ಲಿ ಮಾಟ್ಟೂಲಿನ ಪುಟ್ಟ ಮಗುವೊಂದರ ಎಸ್‌ಎಂಎ ಕಾಯಿಲೆಗೆ 18 ಕೋಟಿ ರೂಪಾಯಿಯ ಒಂದು ಚುಚ್ಚುಮದ್ದು ಬೇಕಾಗಿತ್ತು. ಕೆಲವೇ ದಿನಗಳಲ್ಲಿ 46 ಕೋಟಿಗೂ ಹೆಚ್ಚು ಹರಿದುಬಂತು. "ಸಾಕು, ಇನ್ನು ಕಳಿಸಬೇಡಿ" ಎಂದು ಕೇಳಿಕೊಳ್ಳಬೇಕಾಯಿತು. ಉಳಿದದ್ದನ್ನು ಇದೇ ರೋಗದ ಇತರ ಮಕ್ಕಳಿಗೆ ಬಳಸುವ ಮಾತು ಬಂತು. 2024ರಲ್ಲಿ ಸೌದಿಯ ಜೈಲಿನಲ್ಲಿದ್ದ ಕೋಯಿಕ್ಕೋಡಿನ ವ್ಯಕ್ತಿಯನ್ನು ಮರಣದಂಡನೆಯಿಂದ ಪಾರುಮಾಡಲು 34 ಕೋಟಿ ಕೂಡಿದಾಗ, ಬಂದ ಮೊತ್ತ ಆ್ಯಪಿನಲ್ಲೇ ಕಾಣುತ್ತಿತ್ತು. ಗುರಿ ಮುಟ್ಟಿದೊಡನೆ ಸಂಗ್ರಹ ನಿಂತಿತು.

ಹೀಗೆ ನಿಲ್ಲಿಸುವುದೇ ಪ್ರಾಮಾಣಿಕತೆಯ ದೊಡ್ಡ ಗುರುತು. ಗುರಿ ಎಷ್ಟು, ಮುಟ್ಟಿದ ಮೇಲೆ ಏನು ಎಂದು ಹೇಳದ ಸಂಗ್ರಹಕ್ಕೆ ಕೊಡುವಾಗ ಎರಡು ಸಲ ಯೋಚಿಸಿ. ಸರ್ಕಾರದ ಕೈಯಲ್ಲಿದ್ದರೂ ಕಣ್ಣಿಡಬೇಕು ಎಂಬುದಕ್ಕೆ 2020ರಲ್ಲಿ ಎರ್ನಾಕುಳಂ ಕಲೆಕ್ಟರೇಟಿನಲ್ಲಿ ಬಯಲಾದ ಪ್ರವಾಹ ಪರಿಹಾರ ನಿಧಿಯ ವಂಚನೆಯೇ ಉದಾಹರಣೆ.

"ಖರ್ಚೇ ಇಲ್ಲ" ಎನ್ನುವವರ ಬಗ್ಗೆ

ನೂರಕ್ಕೆ ನೂರು ಬಡವರಿಗೇ ಹೋಗುತ್ತದೆ ಎನ್ನುವುದು ಕೇಳಲು ಚಂದ. ಆದರೆ ಲೆಕ್ಕ ಬರೆಯಲು ಜನ ಬೇಕು, ಆಡಿಟರಿಗೆ ಶುಲ್ಕ ಬೇಕು. ಅಂಗವಿಕಲ ಮಕ್ಕಳ ಶಾಲೆಯಲ್ಲಿ ಶಿಕ್ಷಕಿಯ ಸಂಬಳವೇ ಸೇವೆ, ಅದನ್ನು ದುಂದು ಎನ್ನಲಾಗದು. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗಳು ಅದರಲ್ಲಿ ಆಡಳಿತಕ್ಕೆ ಶೇ. 20ಕ್ಕಿಂತ ಹೆಚ್ಚು ಬಳಸಬಾರದೆಂದು 2020ರಲ್ಲಿ ಕಾನೂನು ಬಿಗಿಯಾಯಿತು. ಮೊದಲು ಈ ಮಿತಿ ಶೇ. 50 ಇತ್ತು. ಊರಿನ ಸಂಸ್ಥೆಯನ್ನು ಅಳೆಯುವಾಗಲೂ ಇದೊಂದು ಅಂದಾಜಿಗೆ ಸಿಗುತ್ತದೆ.

ಇನ್ನು ಹಿಮಾಲಯ ಚಾರಣ, ಕಿಲಿಮಂಜಾರೋ ಏರುವಂಥ ದೊಡ್ಡ ಸಾಹಸಗಳು. ಕೆಲವರು ಪ್ರಯಾಣದ ಖರ್ಚನ್ನು ಕೈಯಿಂದಲೇ ಹಾಕಿಕೊಂಡು, ಸಂಗ್ರಹವಾದದ್ದನ್ನು ಪೂರ್ತಿ ಕೊಡುತ್ತಾರೆ. ಇನ್ನು ಕೆಲವು ಯೋಜನೆಗಳಲ್ಲಿ ಪ್ರಾಯೋಜಕರ ಹಣದಲ್ಲೇ ಟಿಕೆಟ್ಟು, ಊಟ, ವಸತಿ ಕಳೆಯಲಾಗುತ್ತದೆ. ಎರಡೂ ಅಪರಾಧವಲ್ಲ, ಆದರೆ ಕೊಡುವವರಿಗೆ ಗೊತ್ತಿರಬೇಕು. "ನನ್ನ ನೂರು ರೂಪಾಯಿಯಲ್ಲಿ ನಿನ್ನ ವಿಮಾನಕ್ಕೆ ಎಷ್ಟು ಮಾರಾಯಾ?" ಎಂದು ಕೇಳಿದರೆ ಯಾರೂ ಬೇಸರಿಸಬೇಕಾಗಿಲ್ಲ.

ಕೊಡುವ ಮೊದಲು ಕೇಳಿ

* ಸಂಸ್ಥೆಯ ಪೂರ್ತಿ ಹೆಸರು, ನೋಂದಣಿ ಸಂಖ್ಯೆ ಏನು? ಹೆಸರುವಾಸಿ ಸಂಸ್ಥೆಯನ್ನು ಹೋಲುವ ಹೆಸರೋ, ಅದೇ ಸಂಸ್ಥೆಯೋ?
* ಖಾತೆ ಸಂಸ್ಥೆಯದೋ, ವ್ಯಕ್ತಿಯದೋ? ಚಿಕಿತ್ಸೆಗಾದರೆ ಆಸ್ಪತ್ರೆಗೇ ನೇರ ಕಟ್ಟಬಹುದೇ?
* ಕಳೆದ ವರ್ಷದ ಆಡಿಟ್ ಆದ ಲೆಕ್ಕ ಎಲ್ಲಿದೆ?
* ಕಾರ್ಯಕ್ರಮದ ಖರ್ಚು ಯಾರದು? ಉಳಿದ ಹಣ ಎಲ್ಲಿಗೆ?
* ಜಾಲತಾಣದ ಮೂಲಕವಾದರೆ 'ಟಿಪ್' ಎಂದು ತಾನಾಗಿ ಸೇರಿಸಿದ ಮೊತ್ತ ಎಷ್ಟು?

ಎಲ್ಲಿ ನೋಡುವುದು?

ನೀತಿ ಆಯೋಗದ 'ಎನ್‌ಜಿಒ ದರ್ಪಣ್' ತಾಣದಲ್ಲಿ ಹೆಸರು ಹಾಕಿ ಹುಡುಕಬಹುದು. ಆದರೆ ಅಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ಕೆಲಸ ಒಳ್ಳೆಯದೆಂದಲ್ಲ. ನಮ್ಮ ಮಲಬಾರ್ ಭಾಗದ ಸಂಘಗಳು 1860ರ ಸೊಸೈಟಿ ನೋಂದಣಿ ಕಾಯ್ದೆಯಡಿ ಬರುತ್ತವೆ. ರಿಜಿಸ್ಟ್ರಾರರಿಗೆ ಸಲ್ಲಿಸಿದ ದಾಖಲೆಗಳನ್ನು ಸಣ್ಣ ಶುಲ್ಕ ಕಟ್ಟಿ ಯಾರೂ ನೋಡಬಹುದೆಂದು ಆ ಕಾಯ್ದೆಯೇ ಹೇಳುತ್ತದೆ.

80ಜಿ ಎಂದೇ ಜನಜನಿತವಾದ ತೆರಿಗೆ ರಿಯಾಯಿತಿ ಇರುವ ಸಂಸ್ಥೆಗಳು 2021-22ರ ಆರ್ಥಿಕ ವರ್ಷದಿಂದ ದಾನಿಗಳ ವಿವರವನ್ನು ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಿ, ದಾನಿಗೆ ಪ್ರಮಾಣಪತ್ರ ಕೊಡಬೇಕು. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ರಿಯಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೂ ಸಿಗದು. "ರಶೀದಿ ಕೊಡ್ತೇವೆ, ನಗದೇ ಕೊಡಿ" ಎಂದು ದೊಡ್ಡ ಮೊತ್ತಕ್ಕೆ ಒತ್ತಾಯಿಸುವವರನ್ನು ಅಲ್ಲಿಗೇ ನಿಲ್ಲಿಸಬಹುದು.

ಗಲ್ಫಿನಲ್ಲಿರುವ ನಮ್ಮವರಿಗೆ ಒಂದು ಎಚ್ಚರಿಕೆ. ಯುಎಇಯಲ್ಲಿ ಪರವಾನಗಿಯಿಲ್ಲದೆ ದೇಣಿಗೆ ಎತ್ತುವುದು ಅಪರಾಧ. 2021ರ ಕಾನೂನಿನಲ್ಲಿ ಭಾರೀ ದಂಡವಿದೆ. ವಾಟ್ಸ್ಯಾಪ್ ಗುಂಪಿನಲ್ಲಿ ಮನವಿ ಹಾಕುವ ಮೊದಲು ಯೋಚಿಸಿ. ಭಾರತದ ಪಾಸ್‌ಪೋರ್ಟ್ ಇರುವವರು ಬ್ಯಾಂಕ್ ಮೂಲಕ ಕಳಿಸುವ ಸ್ವಂತ ಉಳಿತಾಯ ವಿದೇಶಿ ದೇಣಿಗೆ ಎನಿಸದು. ವಿದೇಶದ ಪೌರತ್ವ ಪಡೆದವರಾದರೆ, ಸಂಸ್ಥೆಗೆ ಎಫ್‌ಸಿಆರ್‌ಎ ನೋಂದಣಿ ಇದೆಯೇ ಎಂದು ನೋಡಿಯೇ ಕಳಿಸಬೇಕು.

ಇಷ್ಟೆಲ್ಲ ಕೇಳಿದರೆ ಅನುಮಾನದ ಮನುಷ್ಯ ಎಂದುಕೊಂಡಾರು ಎಂಬ ಸಂಕೋಚ ಸಹಜ. ಆದರೆ ಒಂದು ಮೋಸ ಬಯಲಾದರೆ ಅದರ ಪೆಟ್ಟು ಬೀಳುವುದು ಮುಂದಿನ ಸಲ ನಿಜವಾಗಿ ಕಷ್ಟದಲ್ಲಿರುವವರಿಗೆ. ಎಣ್ಮಕಜೆಯ ಎಂಡೋಸಲ್ಫಾನ್ ಸಂತ್ರಸ್ತರ ಮನೆಗೋ, ಡಯಾಲಿಸಿಸ್‌ಗೆಂದು ಮಂಗಳೂರಿಗೆ ಓಡಾಡುವ ಬಡ ರೋಗಿಗೋ ಆಗ ಬಾಗಿಲು ಮುಚ್ಚಿಕೊಳ್ಳುತ್ತದೆ. ಸರಿಯಾದ ಸಂಸ್ಥೆ ಪ್ರಶ್ನೆಗೆ ಹೆದರುವುದಿಲ್ಲ, ಲೆಕ್ಕದ ಪುಸ್ತಕ ತೆರೆದೇ ಇಡುತ್ತದೆ. ಉತ್ತರ ಸಿಕ್ಕಿತೋ, ಆಮೇಲೆ ಹಿಂದೆಮುಂದೆ ನೋಡದೆ ಕೊಡಿ. ಅಕ್ಕನ ಮಗ ಹತ್ತು ಕಿಲೋಮೀಟರ್ ಓಡಲಿ, ಇಪ್ಪತ್ತು ಬೇಕಾದರೂ ಓಡಲಿ.